ನೆಲ ಮುಟ್ಟದ ನೀರು

ಊರಿನ ಅಂಚಿಗೊಂದು ದಿಬ್ಬ, ದಿಬ್ಬದ ಮೇಲೊಬ್ಬ ದೇವರು ಇದ್ದನಂತೆ. ಆ ದೇವರು ಹಿಂದೊಮ್ಮೆ ಸಮುದ್ರ ಹಾರಿದವನು. ಅರ್ಧ ದಾರಿಯಲ್ಲಿ ನೀರೊಳಗಿಂದ ಬೆಟ್ಟವೊಂದು ತಲೆಯೆತ್ತಿ, ದಣಿದಿದ್ದೀಯಪ್ಪಾ, ನನ್ನ ಮೇಲೆ ಒಂದು ಗಳಿಗೆ ಕೂತು ಹೋಗು ಅಂದಿತಂತೆ. ಬೆಟ್ಟದ ತಲೆ ಸವರಿ, ಕೆಲಸ ಮುಗಿಯದೆ ಕೂರುವುದಿಲ್ಲ ಎಂದು ಹೇಳಿ ಅವನು ಮುಂದಕ್ಕೆ ಹೋದನಂತೆ. ದಾರಿಯಲ್ಲಿ ಕೂರದವನ ಮೈಗೆ ದಾರಿಯಲ್ಲಿ ಕೂತು ಬಂದ ನೀರು ಹಾಕಬಹುದೇ? ಅದಕ್ಕೇ ಕಾಲುವೆಯಲ್ಲಿ ತುಂಬಿದ ಕೊಡ ಗರ್ಭಗುಡಿಗೆ ಹೋಗುವ ತನಕ ಎಲ್ಲಿಯೂ ನೆಲ ಮುಟ್ಟಬಾರದು.

ಇಂದಿರಾಬಾಯಿ ಈ ಕತೆಯನ್ನು ಇಷ್ಟು ಹೇಳುವ ಹೊತ್ತಿಗೆ ಮೊಮ್ಮಗಳು ಅರ್ಚಿತಾಗೆ ನಿದ್ದೆ ಬಂದಿರುತ್ತಿತ್ತು. ತಾಯಿಯಿಲ್ಲದ ಹುಡುಗಿ ಅಜ್ಜಿಯ ಇಂಥ ಕತೆಗಳಲ್ಲೇ ಬೆಳೆದಳು. ಬೆಳೆದ ಮೇಲೂ ಅವಳಿಗೆ ಅದು ಕತೆಯಾಗಿಯೇ ಉಳಿದಿತ್ತು. ಕಮಲಾಪುರದ ಅಂಚಿನ ದಿಬ್ಬದ ಮೇಲೆ ಪ್ರಾಣದೇವರ ಸಣ್ಣ ಗುಡಿ ಇತ್ತು, ಅಪ್ಪ ಪ್ರಾಣೇಶಾಚಾರ್ರು ದಿನವೂ ಒದ್ದೆ ಪಂಚೆಯಲ್ಲಿ ತಾಮ್ರದ ಕೊಡ ಹೊತ್ತು ಅಲ್ಲಿಗೆ ಹೋಗುತ್ತಿದ್ದರು. ಅವಳು ಕಂಡದ್ದು ಅಷ್ಟೇ. ಆ ದಾರಿಯಲ್ಲಿ ಏನು ನಡೆಯುತ್ತದೆಂದು ಅವಳಿಗೆ ಹೇಳಿದವಳು ಬಾಳೆತೋಟದ ಕೊಟ್ರಮ್ಮ.

ಕಾರ್ತೀಕ ಮುಗಿಯುತ್ತ ಬಂದಿತ್ತು. ಅರ್ಚಿತಾ ಹೊಸಪೇಟೆ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಬಾಳೆಎಲೆಯ ಹೊರೆ ಇಳಿಸಿಕೊಂಡು ಅದೇ ಬಸ್ಸಿಗೆ ನಿಂತಿದ್ದ ಕೊಟ್ರಮ್ಮ ಎಲೆಅಡಿಕೆ ಜಗಿಯುತ್ತ ಕೇಳಿದಳು.

"ಯವ್ವಾ, ನಿಮ್ಮಪ್ಪಾರು ದೇವರಿಗೆ ದಿನಾ ಎಷ್ಟು ಕೊಡ ನೀರು ಹಾಕ್ತಾರ?"

"ಒಂದು."

"ಒಂದಾ? ಹಂಗಾರ ಉಳಿದವು ಯಾರ ಪಾಲಿಗೆ?"

ಕೊಟ್ರಮ್ಮ ತೋಟದಲ್ಲಿ ಎಲೆ ಕೊಯ್ಯುತ್ತ ದಿನವೂ ನೋಡುತ್ತಿದ್ದಳಂತೆ. ಆಚಾರ್ರು ಕೊಡ ಹೊತ್ತು ದಿಬ್ಬದ ಅರ್ಧಕ್ಕೆ ಹೋಗುತ್ತಾರೆ, ಮೊಣಕಾಲು ಹಿಡಿಯುತ್ತದೆ, ಬಂಡೆಯ ಮೇಲೆ ಕೊಡ ಇಡುತ್ತಾರೆ, ಕೂರುತ್ತಾರೆ. ಆಮೇಲೆ ಆ ನೀರನ್ನು ಅಲ್ಲೇ ಚೆಲ್ಲಿ, ಖಾಲಿ ಕೊಡ ಹಿಡಿದು ಮತ್ತೆ ಕಾಲುವೆಗೆ ಇಳಿಯುತ್ತಾರೆ. ಕೆಲವು ದಿನ ಎರಡು ಸಲ, ಕೆಲವು ದಿನ ಇನ್ನೂ ಹೆಚ್ಚು. ಆ ಬಂಡೆಯ ಬುಡದಲ್ಲಿ ಈಗ ಹಸಿರು ಹುಲ್ಲು ಬೆಳೆದಿದೆಯೆಂದು ಹೇಳಿ ಕೊಟ್ರಮ್ಮ ನಕ್ಕಳು. ಅರ್ಚಿತಾಗೆ ನಗು ಬರಲಿಲ್ಲ.

ಇನ್ನೊಂದು ಮಾತು ಅವಳಿಗೆ ಗೊತ್ತಿತ್ತು. ಧನುರ್ಮಾಸದಲ್ಲಿ ಪೂಜೆ ಹೊತ್ತು ಹುಟ್ಟುವ ಮೊದಲೇ ಆಗಬೇಕು. ಕಳೆದ ವರ್ಷ ಕೊನೆಕೊನೆಯ ದಿನಗಳಲ್ಲಿ ಅಪ್ಪ ನೀರು ತರುವಷ್ಟರಲ್ಲಿ ಬಿಸಿಲು ಗುಡಿಯ ಹೊಸ್ತಿಲಿಗೆ ಬಂದಿತ್ತು. ಗುಡಿಯ ಆಗುಹೋಗು ನೋಡಿಕೊಳ್ಳುವ ಅಕ್ಕಿ ಗಿರಣಿಯ ವಿರುಪಾಕ್ಷಪ್ಪ ಒಂದು ಮಾತೂ ಆಡಿರಲಿಲ್ಲ. ಆಡದ್ದೇ ಅಪ್ಪನಿಗೆ ಚುಚ್ಚಿತ್ತು. ಈ ವರ್ಷ ಅವರಾಗಿಯೇ ಗಿರಣಿಗೆ ಹೋಗಿ, ಒಂದು ದಿನ ತಡವಾದರೂ ಗುಡಿಯ ಬೀಗದಕೈ ತಂದೊಪ್ಪಿಸುತ್ತೇನೆ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದರು. ಆ ಬೀಗದಕೈ ಅಪ್ಪನ ಜನಿವಾರದಲ್ಲಿತ್ತು. ಅದಿಲ್ಲದ ಅಪ್ಪನ ಎದೆಯನ್ನು ಅವಳು ನೋಡಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಅಜ್ಜಿಯ ಎದುರಿಗೆ ಹೇಳಿದಳು: "ಮೊದಲನೇ ದಿನದ ನೀರು ಹೊತ್ತು ಹುಟ್ಟೂದರೊಳಗ ಮ್ಯಾಲಿರ್ತದ. ಅದು ನನ್ನ ಕೆಲಸ."

ಅರ್ಚಿತಾ ಕೆಲಸ ಮಾಡುತ್ತಿದ್ದುದು ಸಂಡೂರು ರಸ್ತೆಯ ಒಂದು ವೇಬ್ರಿಜ್‌ನಲ್ಲಿ. ಅದಿರಿನ ಲಾರಿ ಬಂದು ತೂಕದ ಕಟ್ಟೆಯ ಮೇಲೆ ನಿಲ್ಲುವುದು, ಅವಳು ಕಂಪ್ಯೂಟರಿನಲ್ಲಿ ತೂಕ ಹೊಡೆದು ಚೀಟಿ ಕೊಡುವುದು. ಬೆಳಗಿನಿಂದ ಸಂಜೆಯವರೆಗೆ ಗುಡ್ಡಗಳು ತುಂಡುತುಂಡಾಗಿ ಅವಳ ಕಿಟಕಿಯ ಮುಂದೆ ಹಾದುಹೋಗುತ್ತಿದ್ದವು. ಒಂದೊಂದು ಲಾರಿಯೂ ಯಾವುದೋ ಕತೆಯ ರಾಕ್ಷಸ ಬೆಟ್ಟ ಹೊತ್ತು ಸಮುದ್ರದ ಕಡೆಗೆ ಓಡಿದಂತೆ ಅವಳಿಗೆ ಕಾಣುತ್ತಿತ್ತು. ಇಷ್ಟೆಲ್ಲ ಕೆಳಗಿಳಿಯುವಾಗ ಒಂದು ಕೊಡ ನೀರು ಮೇಲೆ ಹತ್ತುವುದು ಇಷ್ಟು ಕಷ್ಟವೇ ಎಂದು ಅವಳು ಯೋಚಿಸುತ್ತ ಕೂತಿರುವಾಗ ಡ್ರೈವರುಗಳು ಹಾರ್ನ್ ಹೊಡೆದು ಎಚ್ಚರಿಸಬೇಕಾಗುತ್ತಿತ್ತು.

ಆಟೋ ಎಂದರೆ ಅಪ್ಪನಿಗೆ ಆಗದು. ಹತ್ತು ಜನ ಕೂತೆದ್ದ ಸೀಟು, ಮಡಿ ಉಳಿಯುವುದಿಲ್ಲ. ಸ್ಕೂಟರಿನ ಪೆಟ್ರೋಲು ವಾಸನೆ ಕೈಗಂಟಿದರೆ ಆ ಕೈ ದೇವರಿಗೆ ನಡೆಯುವುದಿಲ್ಲ. ಹೀಗೆ ಒಂದೊಂದೇ ಬಿಟ್ಟು, ಕೊನೆಗೆ ಉಳಿದದ್ದು ಆಗಷ್ಟೇ ಹೊಸಪೇಟೆಗೆ ಬಂದಿದ್ದ ಬ್ಯಾಟರಿ ಸೈಕಲ್ಲು.

ಬಸ್‌ಸ್ಟ್ಯಾಂಡಿನ ಹಿಂದೆ ತಿಪ್ಪೇಶನ ಅಂಗಡಿಯಲ್ಲಿ ಎರಡು ಬಗೆಯವು ನಿಂತಿದ್ದವು. ಒಂದರ ಮೋಟರು ಹಿಂದಿನ ಗಾಲಿಯೊಳಗೇ ಇತ್ತು. ಇನ್ನೊಂದರದು ನಡುವೆ, ಪೆಡಲುಗಳ ಮಧ್ಯೆ, ಹೊಟ್ಟೆಯಂತೆ ಜೋತುಬಿದ್ದಿತ್ತು. ಲಾರಿ ಮಾಲೀಕರಿಗೆ ಟೈರು ಮಾರಿ ದುಡ್ಡು ನೋಡಿದ ತಿಪ್ಪೇಶನಿಗೆ ಈ ಸೈಕಲ್ಲುಗಳ ಮೇಲೆ ಮಾತ್ರ ಒಂಥರ ಪ್ರೀತಿ. ಯಾರೂ ಕೊಳ್ಳದ್ದರಿಂದ ಇನ್ನೂ ಹೆಚ್ಚು.

"ನೋಡ್ರಿ ಮೇಡಂ, ಈ ಹಿಂದಿಂದು ಭಾಳ ಸೀದಾ. ಹ್ಯಾಂಡಲ್ ತಿರುವಿದ್ರ ಸಾಕು, ಸುಮ್ಮ ಕುಂತರೂ ಹೊಕ್ಕೈತಿ. ಈ ನಡುವಿಂದು ಹಂಗಲ್ಲ. ಇದು ಚೈನು ಎಳೀತೈತಿ. ಗೇರು ಸಣ್ಣದು ಮಾಡಿದ್ರ ಎಂಥಾ ಏರಾದ್ರೂ ಹತ್ತೈತಿ. ಆದ್ರ ನೀವು ತುಳೀಬೇಕು. ನೀವು ಒಂದು ಪಾಲು ತುಳದ್ರ ಅದು ಮೂರು ಪಾಲು ತುಳೀತೈತಿ. ನೀವು ಬಿಟ್ರ ಅದೂ ಬಿಡ್ತೈತಿ."

ಕಂಪ್ಲಿಯಲ್ಲಿರುವ ತನ್ನ ಅಣ್ಣನಿಗೆ ಹಿಂದಿನ ಮೋಟರಿನದನ್ನೇ ಕೊಟ್ಟಿರುವುದಾಗಿಯೂ, ಅವನು ಗದ್ದೆ ಬದುವಿನ ದಾರಿಯಲ್ಲಿ ಹೂವಿನ ಹಾಗೆ ಓಡಾಡಿಕೊಂಡಿರುವುದಾಗಿಯೂ ಹೇಳಿದ. ಅಲ್ಲಿ ಏರು ಇದೆಯೇ ಎಂದು ಅವಳು ಕೇಳಿದಳು. ಕಂಪ್ಲಿಯಲ್ಲಿ ಏರು ಹುಡುಕಬೇಕಾದರೆ ಮಾಳಿಗೆ ಹತ್ತಬೇಕು ಎಂದು ತಿಪ್ಪೇಶ ಒಪ್ಪಿಕೊಂಡ.

ನಡುವಿನ ಮೋಟರಿನದನ್ನು ಕೊಂಡವರು ಸುತ್ತಮುತ್ತ ಒಬ್ಬರೇ ಇದ್ದರು. ದೋಣಿಮಲೈ ಶಾಲೆಯ ಮೇಷ್ಟ್ರು ಅಕ್ಷೋಭ್ಯ. ಅಜ್ಜಿಯ ತವರಿನ ಕಡೆ ನೆಂಟರೇ ಆದದ್ದರಿಂದ ಅರ್ಚಿತಾ ಒಂದು ರಜೆಯ ದಿನ ಸಂಡೂರಿನ ಬಸ್ಸು ಹತ್ತಿದಳು. ಮೇಷ್ಟ್ರು ಅವಳಿಗೆ ಅವಲಕ್ಕಿ ಕೊಟ್ಟು, ಕ್ವಾರ್ಟರ್ಸಿನ ಏರಿನಲ್ಲಿ ಸೈಕಲ್ಲು ಹತ್ತಿಸಿ ತೋರಿಸಿದರು. ಅವರ ಬೋಳುತಲೆ ಒಂದೇ ವೇಗದಲ್ಲಿ ಮೇಲೇರುತ್ತ ಹೋಗಿ ತಿರುವಿನಲ್ಲಿ ಮರೆಯಾಯಿತು. ಮರಳಿ ಬಂದು, ಕೆಂಪು ಧೂಳು ಚೈನನ್ನು ತಿಂದುಹಾಕುತ್ತದೆಂದೂ, ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡಬೇಕೆಂದೂ, ಏರು ಬರುವ ಮೊದಲೇ ಗೇರು ಬದಲಿಸಬೇಕೆಂದೂ, ಏರಿನಲ್ಲಿ ಬದಲಿಸಿದರೆ ಚೈನು ಕಡಿಯುತ್ತದೆಂದೂ ಪಾಠ ಮಾಡಿದರು. ಒಂದು ಪಾಲು ತುಳಿಯುವುದು ಎಂದರೆ ಎಷ್ಟು ಎಂದು ಅವಳು ಕೇಳಿದ್ದಕ್ಕೆ, ಸಂಜೆ ಊಟವಾದ ಮೇಲೆ ತಿರುಗಾಡಿದಷ್ಟು ಎಂದರು. ಅಷ್ಟಾದರೆ ಅಪ್ಪನಿಗೆ ಆದೀತು ಎಂದುಕೊಂಡು ಅವಳು ಬಸ್ಸಿನಲ್ಲಿ ಕೂತು ಕಣ್ಮುಚ್ಚಿದಳು. ಅಪ್ಪ ಒದ್ದೆ ಪಂಚೆಯಲ್ಲಿ ದಿಬ್ಬದ ಮೇಲೆ ತೇಲಿಹೋಗುವುದು ಕಂಡಿತು.

ಮುಂದಿನ ಭಾನುವಾರ ತಿಪ್ಪೇಶ ಎರಡನ್ನೂ ಟೆಂಪೋದಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಬಂದ. ಆಚಾರ್ರು ಮೊದಲು ಸೀಟಿನ ಬಳಿ ಬಗ್ಗಿ ನೋಡಿದರು.

"ಚರ್ಮದ್ದಲ್ಲ ಹೌದಿಲ್ಲೋ?"

"ರೆಗ್ಜಿನ್ ರೀ ಆಚಾರ್ರ. ಯಾವ ಪ್ರಾಣೀನೂ ಅಲ್ಲ."

ಕೊಡವನ್ನು ಹಗ್ಗದ ನೆಲುವಿನಲ್ಲಿ ಹ್ಯಾಂಡಲ್ಲಿಗೆ ತೂಗುಹಾಕಿದರು. ತೂಗಿದ್ದು ಇಟ್ಟಹಾಗಲ್ಲ ಎಂದು ಇಂದಿರಾಬಾಯಿ ಕಟ್ಟೆಯ ಮೇಲೆ ಕೂತೇ ತೀರ್ಮಾನ ಕೊಟ್ಟರು. ಆಚಾರ್ರು ಹಿಂದಿನ ಮೋಟರಿನದನ್ನು ಹತ್ತಿ ಹ್ಯಾಂಡಲ್ ತಿರುವಿದರು. ಕಾಲುವೆಯ ಏರಿಯ ಮೇಲೆ ಅದು ಸದ್ದಿಲ್ಲದೆ ಹೊರಟಿತು. ಅವರ ಮುಖದಲ್ಲಿ ಅರ್ಚಿತಾ ಎಂದೂ ಕಾಣದ ಒಂದು ಚೇಷ್ಟೆಯ ನಗು ಬಂತು. ಜುಟ್ಟು ಗಾಳಿಗೆ ಬಿಚ್ಚಿತು. ತೋಟದ ಬೇಲಿಯ ಮೇಲಿಂದ ನೋಡುತ್ತಿದ್ದ ಕೊಟ್ರಮ್ಮ, ಆಚಾರ್ರು ಮದುವೆ ಗಂಡಾಗ್ಯಾರ ಎಂದು ಕೂಗಿದಳು. ದಿಬ್ಬ ಶುರುವಾಯಿತು. ಸೈಕಲ್ಲು ಗುಂಯ್ ಎಂದಿತು, ನಿಧಾನವಾಯಿತು, ಅರ್ಧಕ್ಕೂ ಮೊದಲೇ ನಿಂತುಬಿಟ್ಟಿತು. ಕೊಡದ ನೀರು ತುಳುಕಿ ಅವರ ಎದೆಗೆ ಬಿತ್ತು. ತಿಪ್ಪೇಶ ಓಡಿಹೋಗಿ ಹಿಡಿದುಕೊಂಡ. ಗಾಲಿ ಮುಟ್ಟಿ ನೋಡಿದರೆ ಸುಡುತ್ತಿತ್ತು.

ನಡುವಿನದನ್ನು ತಂದು ನಿಲ್ಲಿಸಿದರು. ಆಚಾರ್ರು ಹತ್ತಿ ಕೂತು ಬಲಗಾಲು ಪೆಡಲಿನ ಮೇಲಿಟ್ಟರು. ಪೆಡಲು ಮೇಲೆ ಬರುವಾಗ ಮೊಣಕಾಲು ಅಲ್ಲಿಯವರೆಗೆ ಮಡಿಯಲಿಲ್ಲ. ಇನ್ನೊಮ್ಮೆ ಇಟ್ಟರು. ಹಲ್ಲು ಕಚ್ಚಿ ಒತ್ತಿದರು. ಮೋಟರು ಅವರ ಒಂದು ಪಾಲಿಗಾಗಿ ಕಾಯುತ್ತ ಸುಮ್ಮನಿತ್ತು. ಅವರು ಮೆಲ್ಲಗೆ ಇಳಿದು, ಸೈಕಲ್ಲಿನ ಹ್ಯಾಂಡಲ್ಲನ್ನು ತಿಪ್ಪೇಶನ ಕಡೆಗೆ ತಿರುಗಿಸಿದರು.

"ಭಾಳ ಛಲೋ ಗಾಡಿ ಅದ ತಿಪ್ಪೇಶಪ್ಪ," ಎಂದರು. "ಕಾಲಿದ್ದವರಿಗೆ."

ಸಂಜೆ ಅರ್ಚಿತಾ ದೀಪ ಹಚ್ಚಲು ಹೋದಾಗ ಗೂಡಿನಲ್ಲಿ ಗುಡಿಯ ಬೀಗದಕೈ ಕಂಡಿತು. ಅಪ್ಪ ಅದನ್ನು ಜನಿವಾರದಿಂದ ಬಿಚ್ಚಿಟ್ಟಿದ್ದರು. ನಾಳೆ ಗಿರಣಿಗೆ ಹೋಗಿ ಕೊಟ್ಟುಬಿಡುತ್ತೇನೆ, ಧನುರ್ಮಾಸಕ್ಕೆ ಮೊದಲೇ ಕೊಟ್ಟರೆ ವಿರುಪಾಕ್ಷಪ್ಪನಿಗೂ ಬೇರೆಯವರನ್ನು ಕರೆಸಲು ಅನುಕೂಲ ಎಂದು ಅಜ್ಜಿಗೆ ಹೇಳುತ್ತಿದ್ದರು. ಸುಮ್ಮನೆ ಕೂರಬೇಕಾದರೆ ಒಂದು ಸೈಕಲ್ಲು, ಏರು ಹತ್ತಬೇಕಾದರೆ ಇನ್ನೊಂದು. ಎರಡೂ ಒಂದರಲ್ಲೇ ಇರುವುದು ಅಂಗಡಿಯಲ್ಲಿ ಸಿಗುವುದಿಲ್ಲ. ಅರ್ಚಿತಾ ದೀಪದ ಬತ್ತಿ ಹೊಸೆಯುತ್ತ ಕೂತಳು. ದೇವರು ಕೇಳಿದ್ದು ನೀರು ನೆಲ ಮುಟ್ಟಬಾರದು ಎಂದಷ್ಟೇ. ಯಾರು ತುಳಿಯಬೇಕೆಂದು ಅಜ್ಜಿ ಎಂದೂ ಹೇಳಿರಲಿಲ್ಲ.

"ಅಪ್ಪಾ, ನಡುವಿಂದನ್ನೇ ತರೋಣ. ನಾ ತುಳೀತೀನಿ. ನೀವು ಹಿಂದ ಕೊಡ ಹಿಡಕೊಂಡು ಕೂಡ್ರಿ."

ಪ್ರಾಣೇಶಾಚಾರ್ರು ತಾಯಿಯ ಕಡೆ ನೋಡಿದರು. ಇಂದಿರಾಬಾಯಿ ಕಾಲು ನೀವಿಕೊಳ್ಳುತ್ತ ಹೇಳಿದರು.

"ಇಕಿ ಮಡೀಲೆ ಮಾಡಿದ ಹುಗ್ಗಿ ದೇವರು ಉಣ್ತಾನ. ಇಕಿ ಮಡೀಲೆ ತುಳದು ತಂದ ನೀರು ಬ್ಯಾಡಂತಾನೇನು?"

"ಗಾಡಿ ಮಡಿ ಆಗಬೇಕಲ್ಲಮ್ಮ."

"ನಾಕು ಹನಿ ನೀರು ಚಿಮುಕಿಸು, ಆತದು. ಕಬ್ಬಿಣಕ್ಕ ಅಷ್ಟು ಸಾಕು."

ಸೈಕಲ್ಲು ಮನೆಗೆ ಬಂತು. ಅರ್ಚಿತಾ ಮೊದಲು ಖಾಲಿ ತುಳಿದಳು. ಆಮೇಲೆ ಧನುರ್ಮಾಸದ ಹುಗ್ಗಿಗೆಂದು ವಿರುಪಾಕ್ಷಪ್ಪ ಕಳಿಸಿದ್ದ ಕಂಪ್ಲಿ ಅಕ್ಕಿಯ ಮೂಟೆಯನ್ನು ಹಿಂದೆ ಕಟ್ಟಿಕೊಂಡು ತುಳಿದಳು. ಅಕ್ಕಿ ದೇವರ ದರ್ಶನಕ್ಕೆ ದಿನಾ ಹೊಂಟೈತಿ, ನಮಗ ಮಾತ್ರ ಪುರುಸೊತ್ತಿಲ್ಲ ಎಂದು ಕೊಟ್ರಮ್ಮ ಬೇಲಿಯಾಚೆಯಿಂದ ಕೆಣಕಿದಳು. ಆಮೇಲೆ ಅಪ್ಪನನ್ನೇ ಕೂರಿಸಿಕೊಂಡಳು. ಮೊದಲ ಸಲ ಮರಳಿನಲ್ಲಿ ಬಿದ್ದರು. ಬೀಳುವಾಗಲೂ ಅಪ್ಪ ಖಾಲಿ ಕೊಡವನ್ನು ಕೂಸಿನ ಹಾಗೆ ಮೇಲೆತ್ತಿ ಹಿಡಿದಿದ್ದರು. ಮರಳಲ್ಲಿ ಕೂತು ಇಬ್ಬರೂ ನಕ್ಕರು. ದಿನ ಕಳೆದಂತೆ ಅವಳ ಪಾದಕ್ಕೆ ಆ ಮೂರು ಪಾಲಿನ ಗುರುತು ಸಿಕ್ಕಿತು. ತಾನು ಒತ್ತಿದಾಗ ಕೆಳಗಿನಿಂದ ಯಾರೋ ಸೇರಿ ಒತ್ತುತ್ತಿದ್ದಾರೆ ಎನ್ನುವಂತೆ ದಿಬ್ಬ ತಗ್ಗುತ್ತಿತ್ತು. ಬೀಗದಕೈ ಮತ್ತೆ ಜನಿವಾರಕ್ಕೆ ಹೋಯಿತು.

ಧನುರ್ಮಾಸದ ಹಿಂದಿನ ದಿನ ವೇಬ್ರಿಜ್‌ನಲ್ಲಿ ಲಾರಿಗಳ ಸಾಲು ಮುಗಿಯಲೇ ಇಲ್ಲ. ಅವಳು ಮನೆಗೆ ಬಂದಾಗ ಕತ್ತಲಾಗಿತ್ತು. ಅಂಗಳದಲ್ಲಿ ಸೈಕಲ್ಲು ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಹ್ಯಾಂಡಲ್ಲಿಗೆ ಕುಂಕುಮ, ಚೆಂಡುಹೂ. ಬಿಚ್ಚಿದ ಬ್ಯಾಟರಿ ನಡುಮನೆಯಲ್ಲಿ ಚಾರ್ಜಿಗಿತ್ತು. ಅಪ್ಪ ಮಲಗಿದ್ದರು. ನಾಳೆಯ ಹುಗ್ಗಿಗೆ ಬೇಳೆ ಹುರಿದಿಟ್ಟು ಅವಳೂ ಮಲಗಿದಳು.

ಇನ್ನೂ ಚುಕ್ಕಿಗಳಿರುವಾಗ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆ ಬಿಗಿದುಟ್ಟು, ಬ್ಯಾಟರಿ ತಂದು ಕೂರಿಸಿ ಗುಂಡಿ ಒತ್ತಿದಳು. ಹ್ಯಾಂಡಲ್ಲಿನ ಕೆಂಪು ದೀಪ ಬರಲಿಲ್ಲ. ತೆಗೆದು ಒರೆಸಿ ಮತ್ತೆ ಕೂರಿಸಿದಳು. ಬರಲಿಲ್ಲ.

"ನಿನ್ನಿ ಪೂರಾ ತೊಳದೀನಿ," ಎಂದರು ಹಿಂದಿನಿಂದ ಅಪ್ಪ. ಚಳಿಗೆ ದನಿ ನಡುಗುತ್ತಿದ್ದರೂ ಅದರಲ್ಲೊಂದು ಸಮಾಧಾನವಿತ್ತು. "ಎಷ್ಟು ಮಂದಿ ಮುಟ್ಟಿದ್ದು, ಎಷ್ಟು ದಾರಿ ಧೂಳು. ನಾಕು ಹನಿ ಹ್ಯಾಂಗ ಸಾಕಾದೀತು? ಹುಣಸಿಹಣ್ಣು ಹಚ್ಚಿ ತಿಕ್ಕಿ, ಬಾವಿ ನೀರು ಕೊಡಗಟ್ಟಲೆ ಹೊಯ್ದೀನಿ. ಆ ಬ್ಯಾಟರಿ ಮನಿ ಮುಚ್ಚಳ ತಗದು ಒಳಗೂ ಹೊಯ್ದೀನಿ. ಒಂದು ಸಂದೂ ಬಿಟ್ಟಿಲ್ಲ."

ಅವಳು ಅಪ್ಪನ ಮುಖ ನೋಡಿದಳು. ಹತ್ರಿ ಅಪ್ಪಾ ಎಂದಳು.

ಕಾಲುವೆಯವರೆಗೆ ದಾರಿ ಸಮನಾಗಿತ್ತು. ಸಣ್ಣ ಗೇರಿನಲ್ಲಿ ಅದು ಬರೀ ಸೈಕಲ್ಲಾಗಿ ನಡೆಯಿತು. ಅಪ್ಪ ಮೆಟ್ಟಿಲಿಳಿದು ಮುಳುಗಿ, ಕೊಡ ತುಂಬಿ, ಎದೆಗವಚಿಕೊಂಡು ಹಿಂದೆ ಕೂತರು. ಅವರು ಮೆಲುದನಿಯಲ್ಲಿ ಮಂತ್ರ ಶುರುಮಾಡಿದರು. ಇವತ್ತು ಗಾಡಿ ಸದ್ದೇ ಮಾಡವಲ್ದು, ತೊಳದದ್ದು ಛಲೋ ಆತು ಎಂದು ನಡುವೆ ಹೇಳಿದರು.

ದಿಬ್ಬ ಬಂತು. ಅವಳು ಎದ್ದು ನಿಂತು ತುಳಿದಳು. ನಾಲ್ಕು ಪಾಲೂ ಅವಳ ಕಾಲಿನದೇ ಆಗಿತ್ತು. ತೊಡೆ ಸುಡತೊಡಗಿತು, ಕಣ್ಣಿಗೆ ಕಪ್ಪು ಕಟ್ಟಿತು. ಸೈಕಲ್ಲು ವಾಲುವ ಮೊದಲೇ ಕೆಳಗೆ ಹಾರಿ ಹ್ಯಾಂಡಲ್ಲು ಹಿಡಿದು ನೂಕಿದಳು. ಅಪ್ಪನನ್ನೂ ಕೊಡವನ್ನೂ ಹೊತ್ತ ಸೈಕಲ್ಲು ಒಂದು ಮಾರು ಹೋಗಿ, ಅರ್ಧ ಮಾರು ಹಿಂದಕ್ಕೆ ಜಾರಿತು. ಬ್ರೇಕು ಹಿಡಿದು ನಿಂತಳು. ಮಂತ್ರ ನಿಂತಿತು.

"ಏನಾತವ್ವ ಗಾಡಿಗೆ?"

"ನೀರು ಕುಡದದ ಅಪ್ಪಾ."

ಹಿಂದೆ ಅಪ್ಪ ಇಳಿಯಲು ಕಾಲು ಚಾಚಿದ್ದು ಗೊತ್ತಾಯಿತು.

"ಇಳೀಬ್ಯಾಡ್ರಿ. ಇಳದ್ರ ಕೊಡ ಇಡಬೇಕಾಗ್ತದ."

ದಕ್ಷಿಣದಲ್ಲಿ ಸಂಡೂರಿನ ಗುಡ್ಡಗಳಿರುವ ಕಡೆ ಇನ್ನೂ ಕತ್ತಲಿದ್ದರೂ ಪೂರ್ವಕ್ಕೆ ಕಂಪ್ಲಿಯ ಕಡೆ ಆಕಾಶದ ಅಂಚು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವಳು ಮತ್ತೆ ನೂಕಿದಳು. ಕಾಲಡಿಯ ಜಲ್ಲಿ ಜಾರಿತು. ಆಗ ಎಲೆ ಕೊಯ್ಯಲು ಹೊರಟಿದ್ದ ಕೊಟ್ರಮ್ಮ ಕುಡುಗೋಲು ಹಿಡಿದು ಎದುರಿಗೆ ಬಂದಳು. ಬಂದವಳು ಆಚಾರ್ರು ಮಡಿಯಲ್ಲಿರುವುದನ್ನು ಕಂಡು, ದಿನವೂ ನಿಲ್ಲುವಷ್ಟೇ ದೂರದಲ್ಲಿ ದಾರಿ ಬಿಟ್ಟು ನಿಂತಳು. ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಕೆಣಕಲಿಲ್ಲ.

"ಯವ್ವಾ, ಹೊತ್ತು ಹುಟ್ಟಾಕ ಬಂತು," ಎಂದಳು ಮೆಲ್ಲಗೆ. ಮುಂದೆ ಒಂದು ಹೆಜ್ಜೆ ಇಡಲಿಲ್ಲ.

ಕೈ ಹಚ್ಚೆಂದು ಕರೆಯುವುದು ಅರ್ಚಿತಾಳ ಕೈಯಲ್ಲಿರಲಿಲ್ಲ. ಬ್ರೇಕು ಹಿಡಿದ ಬೆರಳುಗಳು ಮರಗಟ್ಟುತ್ತಿದ್ದವು. ಕೊಡದಲ್ಲಿ ನೀರು ಅಲುಗಿದ ಸದ್ದು ಕೇಳಿತು. ತೋಟದ ಕಡೆ ಯಾವುದೋ ಹಕ್ಕಿ ಒಂದು ಸಲ ಕೂಗಿ ಸುಮ್ಮನಾಯಿತು.

"ಕೊಟ್ರಮ್ಮಾ," ಎಂದರು ಪ್ರಾಣೇಶಾಚಾರ್ರು. "ಬಾರವ್ವ. ಒಂದೀಟು ಕೈ ಹಚ್ಚು."

ಕೊಟ್ರಮ್ಮ ಅವರನ್ನು ನೋಡಿದಳು. ಆಮೇಲೆ ಕುಡುಗೋಲನ್ನು ಪೊದೆಯ ಬುಡದಲ್ಲಿಟ್ಟು, ಎರಡೂ ಕೈಗಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಬಂದು, ಆಚಾರ್ರು ಕೂತ ಕ್ಯಾರಿಯರಿನ ಕಬ್ಬಿಣಕ್ಕೆ ಕೈ ಕೊಟ್ಟಳು. ಹೂಂ ಎಂದಳು. ಅರ್ಚಿತಾ ಬ್ರೇಕು ಬಿಟ್ಟಳು. ಸೈಕಲ್ಲು ಹಿಂದಕ್ಕೆ ಜಾರಲಿಲ್ಲ. ಒಂದೊಂದೇ ಮಾರು ಮೇಲೇರಿತು. ಇಬ್ಬರು ಹೆಂಗಸರ ಏದುಸಿರು, ಜಲ್ಲಿಯ ಕರಕರ. ಸ್ವಲ್ಪ ಹೊತ್ತಿನ ಮೇಲೆ ಅವೆರಡರ ನಡುವೆ ಬಿಟ್ಟಲ್ಲಿಂದಲೇ ಮತ್ತೆ ಶುರುವಾದ ಮಂತ್ರ.

ಗುಡಿಯ ಮುಂದೆ ಆಚಾರ್ರು ಮಗಳ ಹೆಗಲು ಹಿಡಿದು ಇಳಿದರು. ಕೊಡವನ್ನು ಎದೆಯಿಂದ ಕದಲಿಸದೆ, ಬಾಗಿಲು ತೆರೆಯಲು ಮಗಳಿಗೆ ಜನಿವಾರದ ಬೀಗದಕೈಯನ್ನು ಕಣ್ಣಿನಲ್ಲೇ ತೋರಿಸಿದರು. ಬಾಗಿಲು ಕಿರ್ರೆಂದಿತು. ಒಳಗಿನ ಕತ್ತಲೆಯಲ್ಲಿ ಅವರು ಮರೆಯಾದರು.

ಅರ್ಚಿತಾ ಗುಡಿಯ ಬದಿಗೆ ಹೋಗಿ ಗೋಡೆಗೊರಗಿದಳು. ಕೊಟ್ರಮ್ಮ ಅಲ್ಲೇ ಪಕ್ಕದಲ್ಲಿ, ಅಂಗೈಗಳನ್ನು ಮುಂದೆ ಚಾಚಿಕೊಂಡು, ಅವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ನಿಂತಿದ್ದಳು. ಒಳಗೆ ಗಂಟೆಯ ಸದ್ದಾಯಿತು. ಆಮೇಲೆ ಕಲ್ಲಿನ ಮೇಲೆ ನೀರು ಬೀಳುವ ಸದ್ದು. ಗೋಡೆಯ ಗೋಮುಖಿಯ ಬಾಯಲ್ಲಿ ಮೊದಲು ಒಂದು ಹನಿ ಕಟ್ಟಿ ನಿಂತಿತು, ಅದರ ಹಿಂದೆಯೇ ಇನ್ನೊಂದು. ಆಮೇಲೆ ಧಾರೆ ಒಡೆದು ಹಾಸುಗಲ್ಲಿನ ಮೇಲೆ ಬಿದ್ದು, ಇಬ್ಬರ ಕಾಲುಗಳ ನಡುವೆ ಹರಿದುಹೋಯಿತು. ನೀರು ಇನ್ನೂ ಕಪ್ಪಗಿತ್ತು. ಅದರ ಮೇಲೆ ಬೆಳಕು ಬೀಳಲು ಇನ್ನೂ ಹೊತ್ತಿತ್ತು.